ದುಡ್ಡು ಮತ್ತು ಅಳತೆಗೋಲು: ಬ್ರಿಟನ್ನಿನ ಅಂಗವಿಕಲರ ನೂರು ವರ್ಷದ ಜಗಳ

1920ರ ಏಪ್ರಿಲ್ 5, ಈಸ್ಟರ್ ಸೋಮವಾರ. ಇಂಗ್ಲೆಂಡಿನ ಲೀಡ್ಸ್, ಮ್ಯಾಂಚೆಸ್ಟರ್ ಮತ್ತು ವೇಲ್ಸ್‌ನ ನ್ಯೂಪೋರ್ಟ್‌ನಿಂದ ಮೂರು ತಂಡಗಳು ಲಂಡನ್ನಿನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟವು. ಮೂರೂ ತಂಡ ಸೇರಿ 171 ಜನ, ಎಲ್ಲರೂ ಕಣ್ಣು ಕಾಣದವರು. ಬುಟ್ಟಿ ಹೆಣೆಯುವವರು, ಬ್ರಷ್ ಮತ್ತು ಚಾಪೆ ಮಾಡುವವರು. ದತ್ತಿ ಸಂಸ್ಥೆಗಳು ಅಂಧರಿಗೆಂದೇ ನಡೆಸುತ್ತಿದ್ದ ಕಾರ್ಖಾನೆಗಳಲ್ಲಿ ಹೊಟ್ಟೆ ತುಂಬದ ಕೂಲಿಗೆ ದುಡಿಯುತ್ತಿದ್ದವರು. 'ನ್ಯಾಶನಲ್ ಲೀಗ್ ಆಫ್ ದಿ ಬ್ಲೈಂಡ್' ಎಂಬ ತಮ್ಮದೇ ಕಾರ್ಮಿಕ ಸಂಘದಡಿ ಅವರು ಒಂದಾಗಿದ್ದರು. 1899ರಲ್ಲಿ ನೋಂದಣಿಯಾದ ಈ ಸಂಘವನ್ನು ಕಟ್ಟಿದವರೂ ನಡೆಸುತ್ತಿದ್ದವರೂ ಅಂಧರೇ. ಮೂರು ವಾರ ನಡೆದು ಏಪ್ರಿಲ್ 25ರಂದು ಅವರು ಲಂಡನ್ನಿನ ಟ್ರಫಾಲ್ಗರ್ ಚೌಕ ತಲುಪಿದಾಗ ಸಾವಿರಾರು ಜನ ಕಾದು ನಿಂತಿದ್ದರು. ಅವರ ಬಾವುಟದ ಮೇಲಿದ್ದ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ: ದಾನ ಬೇಡ, ನ್ಯಾಯ ಬೇಕು.

ಕೆಲವು ದಿನಗಳ ನಂತರ ಪ್ರಧಾನಿ ಲಾಯ್ಡ್ ಜಾರ್ಜ್ ಅವರ ನಿಯೋಗವನ್ನು ಭೇಟಿಯಾದರು. ಅದೇ ವರ್ಷ ಅಂಧರ ಕಾಯಿದೆ ಜಾರಿಗೆ ಬಂತು. ಎಲ್ಲರಿಗೂ 70ನೇ ವಯಸ್ಸಿಗೆ ಸಿಗುತ್ತಿದ್ದ ವೃದ್ಧಾಪ್ಯ ಪಿಂಚಣಿ ಅಂಧರಿಗೆ 50ಕ್ಕೇ ಸಿಗುವಂತಾಯಿತು. ಅಂಧರ ಯೋಗಕ್ಷೇಮ ಸ್ಥಳೀಯ ಆಡಳಿತಗಳ ಹೊಣೆ ಎಂದು ಕಾಯಿದೆ ಸಾರಿತು. ಆದರೆ ಆ ಹೊಣೆಯನ್ನು ದತ್ತಿ ಸಂಸ್ಥೆಗಳ ಮೂಲಕವೇ ನಿಭಾಯಿಸಬಹುದೆಂಬ ಅವಕಾಶವನ್ನೂ ಉಳಿಸಿತು. ದುಡ್ಡು ಬಂತು, ಅದನ್ನು ಅಳೆದು ಹಂಚುವ ಕೈ ಮಾತ್ರ ಹಳೆಯದೇ ಆಗಿ ಉಳಿಯಿತು.

ಬ್ರಿಟನ್ನಿನ ಅಂಗವಿಕಲರ ಚಳವಳಿಯ ಚರಿತ್ರೆಯನ್ನು ಓದುತ್ತ ಹೋದರೆ ಈ ಎರಡು ಸಂಗತಿಗಳು ಉದ್ದಕ್ಕೂ ಜೊತೆಜೊತೆಯಾಗಿ ಬರುತ್ತವೆ. ಒಂದು ದುಡ್ಡಿನ ಪ್ರಶ್ನೆ: ಅಂಗವಿಕಲರು ಯಾಕೆ ಬಡವರಾಗಿದ್ದಾರೆ, ಸರ್ಕಾರ ಅವರಿಗೆ ಎಷ್ಟು ಕೊಡಬೇಕು? ಇನ್ನೊಂದು ಅಳತೆಗೋಲಿನ ಪ್ರಶ್ನೆ: ಯಾರು ಅಂಗವಿಕಲರು, ಎಷ್ಟು ಅಂಗವಿಕಲರು ಎಂದು ತೀರ್ಮಾನಿಸುವವರು ಯಾರು? ಮೊದಲನೆಯದಕ್ಕೆ ಉತ್ತರ ಸಿಕ್ಕಾಗಲೆಲ್ಲ ಎರಡನೆಯದು ಇನ್ನಷ್ಟು ಬಿಗಿಯಾಗಿ ಎದುರು ನಿಂತಿದೆ. 2010ರ ನಂತರ ಅಲ್ಲಿನ ಸರ್ಕಾರಗಳು ಭತ್ಯೆಗಳನ್ನು ಕಡಿತಗೊಳಿಸಲು ಹೊರಟಾಗ ಬಳಸಿದ ಆಯುಧವೂ ಈ ಅಳತೆಗೋಲೇ.

*

ಅಳತೆಗೋಲು ಹಳೆಯದು. ಇಂಗ್ಲೆಂಡಿನ ಬಡವರ ಕಾಯಿದೆ, ಅಂದರೆ 'ಪೂರ್ ಲಾ', ಶತಮಾನಗಳ ಕಾಲ ಒಂದು ವಿಂಗಡಣೆಯ ಮೇಲೆ ನಿಂತಿತ್ತು. ದುಡಿಯಲಾರದ ಬಡವರು ಒಂದು ಕಡೆ, ದುಡಿಯಬಲ್ಲ ಬಡವರು ಇನ್ನೊಂದು ಕಡೆ. ಮೊದಲಿನವರು ಕನಿಕರಕ್ಕೆ ಅರ್ಹರು, ಎರಡನೆಯವರು ಶಿಕ್ಷೆಗೆ. 1834ರ ತಿದ್ದುಪಡಿಯ ನಂತರ ದುಡಿಯಬಲ್ಲವನಿಗೆ ನೆರವು ಬೇಕಾದರೆ ವರ್ಕ್‌ಹೌಸಿನ ಬಾಗಿಲು ಹೊಗಬೇಕಿತ್ತು. ಅಮೆರಿಕದ ವಿದ್ವಾಂಸೆ ಡೆಬೊರಾ ಸ್ಟೋನ್ 1984ರ ತಮ್ಮ ಪುಸ್ತಕವೊಂದರಲ್ಲಿ ಇದನ್ನು ಚೆನ್ನಾಗಿ ವಿವರಿಸುತ್ತಾರೆ. ಅವರ ವಾದದ ಪ್ರಕಾರ ಅಂಗವೈಕಲ್ಯ ಎಂಬ ವರ್ಗವನ್ನು ಹುಟ್ಟುಹಾಕಿದ್ದು ವೈದ್ಯರಿಗಿಂತ ಹೆಚ್ಚಾಗಿ ಆಡಳಿತ. ಕೂಲಿಯಿಂದ ಬದುಕಬೇಕಾದವರು ಯಾರು, ಅಗತ್ಯದ ಆಧಾರದ ಮೇಲೆ ಪಡೆಯಬಹುದಾದವರು ಯಾರು ಎಂಬ ಗಡಿಗೆರೆ ಎಳೆಯಲು ಆ ವರ್ಗ ಬೇಕಾಯಿತು. ಗಡಿಗೆರೆ ಇದ್ದ ಮೇಲೆ ಕಾವಲುಗಾರ ಬೇಕು. ಕಾವಲುಗಾರನಿಗೆ ಸದಾ ಒಂದು ಅನುಮಾನ: ಇವನು ನಟಿಸುತ್ತಿದ್ದಾನೆಯೇ?

ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ವಿಲಿಯಂ ಬೆವೆರಿಜ್ ಬರೆದ ವರದಿಯ ಮೇಲೆ ಬ್ರಿಟನ್ ತನ್ನ ಕಲ್ಯಾಣ ರಾಜ್ಯವನ್ನು ಕಟ್ಟಿಕೊಂಡಿತು. 1948ರ ಜುಲೈ 5ರಂದು ರಾಷ್ಟ್ರೀಯ ವಿಮೆ ಜಾರಿಗೆ ಬಂತು. ದುಡಿಯುವಾಗ ವಾರಾವಾರ ವಂತಿಗೆ ಕಟ್ಟುವುದು, ಕಾಯಿಲೆ ಬಿದ್ದಾಗ, ಕೆಲಸ ಹೋದಾಗ, ಮುಪ್ಪಾದಾಗ ಹಣ ಪಡೆಯುವುದು ಅದರ ಕ್ರಮ. ನೋಡಲು ನ್ಯಾಯವಾಗಿಯೇ ಇದೆ. ಆದರೆ ಅಂಗವಿಕಲರ ಪಾಲಿಗೆ ಈ ವ್ಯವಸ್ಥೆ ವಿಚಿತ್ರವಾದ ಶ್ರೇಣಿಯೊಂದನ್ನು ಸೃಷ್ಟಿಸಿತು. ಯುದ್ಧದಲ್ಲಿ ಕಾಲು ಕಳೆದುಕೊಂಡವನಿಗೆ ಯುದ್ಧ ಪಿಂಚಣಿ. ಕಾರ್ಖಾನೆಯಲ್ಲಿ ಕಳೆದುಕೊಂಡವನಿಗೆ ಕೈಗಾರಿಕಾ ಅಪಘಾತದ ಪರಿಹಾರ. ರಸ್ತೆಯಲ್ಲಿ ಕಳೆದುಕೊಂಡವನು ವಂತಿಗೆ ಕಟ್ಟಿದ್ದರೆ ಅಷ್ಟೋ ಇಷ್ಟೋ. ಹುಟ್ಟುತ್ತಲೇ ಕಾಲಿಲ್ಲದವನಿಗೆ ಯಾವ ಹಕ್ಕೂ ಇಲ್ಲ. ಅವನ ಪಾಲಿಗೆ ಉಳಿದದ್ದು ಮನೆಯ ಆದಾಯವನ್ನೆಲ್ಲ ಕೆದಕಿ ನೋಡಿ ಕೊಡುವ ಸಹಾಯಧನ. ನಾಲ್ವರಿಗೂ ಇರುವುದು ಒಂದೇ ಕೊರತೆ, ಆದರೆ ಬೆಲೆ ನಿಗದಿಯಾಗುವುದು ಕಾಲು ಎಲ್ಲಿ ಹೋಯಿತು ಎಂಬುದರ ಮೇಲೆ.

ಇವರೆಲ್ಲರ ಆಚೆ ಇನ್ನೂ ಒಬ್ಬಳಿದ್ದಳು. ಗೃಹಿಣಿ. ಬೆವೆರಿಜ್ ಲೆಕ್ಕದಲ್ಲಿ ಮದುವೆಯಾದ ಹೆಂಗಸು ಗಂಡನ ಅವಲಂಬಿತೆ. ಅವಳು ಮನೆಯಲ್ಲಿ ಮಾಡುವ ದುಡಿಮೆಗೆ ವಂತಿಗೆಯಿಲ್ಲ. ಹಾಗಾಗಿ ಅವಳು ಹಾಸಿಗೆ ಹಿಡಿದರೆ ಕಳೆದುಹೋದ ಸಂಪಾದನೆ ಎಂಬುದೂ ಇಲ್ಲ.

*

1965ರಲ್ಲಿ 'ದಿ ಗಾರ್ಡಿಯನ್' ಪತ್ರಿಕೆಗೆ ಒಂದು ಪತ್ರ ಬಂತು. ಬರೆದವರು ಮೇಗನ್ ಡು ಬಾಯ್ಸನ್, ಸರ್ರೆ ಪ್ರಾಂತ್ಯದ ಗೃಹಿಣಿ. ನರಮಂಡಲವನ್ನು ನಿಧಾನವಾಗಿ ಕುಂದಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಅವರಿಗಿತ್ತು. ತಮ್ಮಂಥವರಿಗೆ ಸರ್ಕಾರದಿಂದ ಯಾವ ಹಣವೂ ಸಿಗುವುದಿಲ್ಲ ಎಂಬುದು ಅವರ ಅನುಭವಕ್ಕೆ ಬಂದಿತ್ತು. ಅದೇ ಸ್ಥಿತಿಯಲ್ಲಿದ್ದ ಬೆರಿಟ್ ಮೂರ್ ಜೊತೆ ಸೇರಿ ಅವರು 'ಡಿಸೇಬಲ್‌ಮೆಂಟ್ ಇನ್‌ಕಮ್ ಗ್ರೂಪ್' ಕಟ್ಟಿದರು. ಅದರ ಬೇಡಿಕೆ ಸರಳ. ಅಂಗವೈಕಲ್ಯ ಹೇಗೆ ಬಂತು, ಎಲ್ಲಿ ಬಂತು ಎಂದು ಕೇಳಬೇಡಿ. ಗಂಡಸೋ ಹೆಂಗಸೋ, ವಂತಿಗೆ ಕಟ್ಟಿದ್ದಾರೋ ಇಲ್ಲವೋ ನೋಡಬೇಡಿ. ಎಲ್ಲ ಅಂಗವಿಕಲರಿಗೂ ಹಕ್ಕಾಗಿ ಒಂದು ಆದಾಯ ಕೊಡಿ.

ಮುಂದಿನ ವರ್ಷಗಳಲ್ಲಿ ಟ್ರಫಾಲ್ಗರ್ ಚೌಕ ಮತ್ತೊಮ್ಮೆ ಅಂಗವಿಕಲರ ಮೆರವಣಿಗೆ ಕಂಡಿತು, ಈ ಸಲ ಗಾಲಿಕುರ್ಚಿಗಳಲ್ಲಿ. 1969ರಲ್ಲಿ ಸಂಘದ ವಾರ್ಷಿಕ ಸಭೆಗೆ ಹೋಗುವ ದಾರಿಯಲ್ಲೇ ಮೇಗನ್ ಕಾರು ಅಪಘಾತದಲ್ಲಿ ತೀರಿಕೊಂಡರು. ಆದರೆ ಚಳವಳಿ ನಿಲ್ಲಲಿಲ್ಲ. ಸರ್ಕಾರವೇ ನಡೆಸಿದ ಸಮೀಕ್ಷೆ 1971ರಲ್ಲಿ ಹೊರಬಂದಾಗ ದೇಶದಲ್ಲಿ ಸುಮಾರು 30 ಲಕ್ಷ ಜನ ಒಂದಲ್ಲ ಒಂದು ಬಗೆಯ ದೈಹಿಕ ಊನದೊಂದಿಗೆ ಬದುಕುತ್ತಿದ್ದಾರೆಂಬುದು ತಿಳಿಯಿತು. ಅಲ್ಲಿಯವರೆಗೆ ಆ ಸಂಖ್ಯೆಯನ್ನು ಯಾರೂ ಸರಿಯಾಗಿ ಎಣಿಸಿರಲಿಲ್ಲ. 1971ರಲ್ಲಿ ನೋಡಿಕೊಳ್ಳುವವರು ಬೇಕಾದವರಿಗೆ ಅಟೆಂಡೆನ್ಸ್ ಅಲೊಯನ್ಸ್, 1975ರಲ್ಲಿ ವಂತಿಗೆ ಕಟ್ಟದವರಿಗೂ ಒಂದು ಪಿಂಚಣಿ, 1976ರಲ್ಲಿ ಓಡಾಟದ ಭತ್ಯೆ, ಅದೇ ವರ್ಷ ಆರೈಕೆ ಮಾಡುವವರಿಗೂ ಒಂದು ಭತ್ಯೆ ಬಂದವು. ಹತ್ತೇ ವರ್ಷದಲ್ಲಿ ಇಷ್ಟು. ಇಬ್ಬರು ಗೃಹಿಣಿಯರು ಹಚ್ಚಿದ ಕಿಡಿಗೆ ಇದು ಸಣ್ಣ ಫಲವೇನಲ್ಲ.

ಆದರೆ ಆ ಗೃಹಿಣಿಯರಿಗೇ ಏನಾಯಿತು? 1975ರ ಪಿಂಚಣಿಯಿಂದ ಮದುವೆಯಾದ ಹೆಂಗಸರನ್ನು ಹೊರಗಿಡಲಾಗಿತ್ತು. ಪ್ರತಿಭಟನೆಯ ನಂತರ 1977ರಲ್ಲಿ ಅವರನ್ನೂ ಸೇರಿಸಿಕೊಂಡರು, ಆದರೆ ಒಂದು ಷರತ್ತು ಹಾಕಿ. ಗಂಡಸಾದರೆ ತಾನು ಸಂಬಳದ ಕೆಲಸ ಮಾಡಲಾರೆ ಎಂದು ತೋರಿಸಿದರೆ ಸಾಕು. ಮದುವೆಯಾದ ಹೆಂಗಸು ತಾನು ಮನೆಗೆಲಸವನ್ನೂ ಮಾಡಲಾರೆ ಎಂದು ರುಜುವಾತು ಮಾಡಬೇಕು. ಅಡುಗೆ, ಬಟ್ಟೆ ಒಗೆತ, ಗುಡಿಸುವುದು, ಅಂಗಡಿಗೆ ಹೋಗಿ ಬರುವುದು ಎಲ್ಲವೂ ಲೆಕ್ಕಕ್ಕೆ. ಕುಳಿತಲ್ಲೇ ತರಕಾರಿ ಹೆಚ್ಚಬಲ್ಲ ಹೆಂಗಸು ಎಷ್ಟು ಅಂಗವಿಕಲೆ? ಅಧಿಕಾರಿಗಳು ಇಂಥ ಪ್ರಶ್ನೆಗಳನ್ನು ನಿಜಕ್ಕೂ ತೀರ್ಮಾನಿಸಬೇಕಾಯಿತು. ಈ ಪರೀಕ್ಷೆ 1984ರವರೆಗೆ ನಡೆಯಿತು. ಇನ್ನು ಆರೈಕೆಯ ಭತ್ಯೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು ಬಹುಪಾಲು ಮದುವೆಯಾದ ಹೆಂಗಸರೇ ಆದರೂ ಅವರಿಗೇ ಅದು ಇರಲಿಲ್ಲ. ತಾಯಿಯನ್ನು ನೋಡಿಕೊಳ್ಳುತ್ತಿದ್ದ ಜಾಕಿ ಡ್ರೇಕ್ ಎಂಬ ಮಹಿಳೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲಷ್ಟೇ ಅದು ಬದಲಾಯಿತು.

*

ಈ ಹೊತ್ತಿಗೆ ಬೇರೊಂದು ದಿಕ್ಕಿನಿಂದ ಬೇರೊಂದು ದನಿ ಕೇಳತೊಡಗಿತ್ತು. ಹ್ಯಾಂಪ್‌ಶೈರಿನ 'ಲೆ ಕೋರ್ಟ್' ಎಂಬ ದೊಡ್ಡ ಬಂಗಲೆಯಲ್ಲಿ 1948ರಿಂದ ಅಂಗವಿಕಲರ ವಸತಿ ನಿಲಯವೊಂದಿತ್ತು. ಮೊದಲ ಚೆಷೈರ್ ಹೋಮ್ ಅದೇ. ಮುಂದೆ ಈ ನಿಲಯಗಳು ಹಲವು ದೇಶಗಳಿಗೆ ಹಬ್ಬಿದವು, ಬೆಂಗಳೂರಿನಲ್ಲೂ ಒಂದಿದೆ. ಲೆ ಕೋರ್ಟಿನಲ್ಲಿದ್ದ ಪಾಲ್ ಹಂಟ್ ಎಂಬ ಯುವಕನಿಗೆ ಸ್ನಾಯು ಕ್ಷೀಣಿಸುವ ಕಾಯಿಲೆ. ಅವನೂ ಅವನ ಗೆಳೆಯರೂ ಎಷ್ಟು ಹೊತ್ತಿಗೆ ಮಲಗಬೇಕು, ಯಾರ ಜೊತೆ ಹೊರಗೆ ಹೋಗಬೇಕು, ನಿಲಯದ ಆಡಳಿತದಲ್ಲಿ ತಮ್ಮ ಮಾತಿಗೆ ಬೆಲೆಯೆಷ್ಟು ಎಂಬ ವಿಷಯಗಳಿಗಾಗಿ ವರ್ಷಗಟ್ಟಲೆ ಜಗಳವಾಡಿದರು. ತಮ್ಮ ಪರ ಮಾತನಾಡಬಹುದೆಂಬ ನಂಬಿಕೆಯಿಂದ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕರನ್ನು ಕರೆಸಿದರು. ಎರಿಕ್ ಮಿಲ್ಲರ್ ಮತ್ತು ಜೆರಾಲ್ಡಿನ್ ಗ್ವಿನ್ ಬಂದರು, ನೋಡಿದರು, 1972ರಲ್ಲಿ ಪುಸ್ತಕ ಬರೆದರು. ಅವರ ಪ್ರಕಾರ ಇಂಥ ನಿಲಯಕ್ಕೆ ಸೇರಿದವರು ಸಾಮಾಜಿಕವಾಗಿ ಆಗಲೇ ಸತ್ತಂತೆ. ಸಾಮಾಜಿಕ ಸಾವಿನಿಂದ ದೈಹಿಕ ಸಾವಿನವರೆಗಿನ ದಾರಿಯನ್ನು ಸಹ್ಯವಾಗಿಸುವುದೇ ನಿಲಯದ ಕೆಲಸ. ತಟಸ್ಥ ವಿಜ್ಞಾನದ ಹೆಸರಿನಲ್ಲಿ ಬಂದ ಈ ಮಾತನ್ನು ಹಂಟ್ ಕ್ಷಮಿಸಲಿಲ್ಲ. ಇಂಥ ಸಂಶೋಧಕರನ್ನು ಪರಾವಲಂಬಿಗಳೆಂದು ಕರೆದು ಅವರು ಬರೆದ ಲೇಖನ ಅವರು ತೀರಿಕೊಂಡ ಮೇಲೆ, 1981ರಲ್ಲಿ, ಪ್ರಕಟವಾಯಿತು. ಬಡವರ ಬಗ್ಗೆ, ಅಂಚಿನಲ್ಲಿರುವವರ ಬಗ್ಗೆ ಪ್ರಬಂಧ ಬರೆದು ಪದವಿ ಪಡೆಯುವ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು ಓದಲೇಬೇಕಾದ, ಓದಿದರೆ ಮೈ ಉರಿಯುವ ಲೇಖನ ಅದು.

1972ರ ಸೆಪ್ಟೆಂಬರಿನಲ್ಲಿ ಹಂಟ್ ಕೂಡ 'ದಿ ಗಾರ್ಡಿಯನ್' ಪತ್ರಿಕೆಗೇ ಒಂದು ಪತ್ರ ಬರೆದರು. ನಿಲಯಗಳಲ್ಲಿ ಕೂಡಿಹಾಕಲ್ಪಟ್ಟವರೇ ಸೇರಿ ಸಂಘಟನೆ ಕಟ್ಟೋಣ ಬನ್ನಿ ಎಂಬ ಕರೆ ಅದರಲ್ಲಿತ್ತು. ಹಾಗೆ ಹುಟ್ಟಿದ್ದು 'ಯೂಪಿಯಾಸ್', ಪ್ರತ್ಯೇಕಿಸುವಿಕೆಯ ವಿರುದ್ಧ ದೈಹಿಕ ಊನವುಳ್ಳವರ ಒಕ್ಕೂಟ. ಕರೆಗೆ ಓಗೊಟ್ಟವರಲ್ಲಿ ವಿಕ್ ಫಿಂಕಲ್‌ಸ್ಟೈನ್ ಒಬ್ಬರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಪೋಲ್ ವಾಲ್ಟ್ ಮಾಡುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಮುಂದೆ ವರ್ಣಭೇದ ನೀತಿಯ ವಿರುದ್ಧ ಹೋರಾಡಿ ಜೈಲು ಕಂಡು, 1968ರಲ್ಲಿ ಬ್ರಿಟನ್ನಿಗೆ ಬಂದವರು. ಬಿಳಿಯರಿಗೊಂದು ಬಾಗಿಲು ಕರಿಯರಿಗೊಂದು ಬಾಗಿಲು ಇದ್ದ ನಾಡಿನಿಂದ ಬಂದವರಿಗೆ ಗಾಲಿಕುರ್ಚಿ ಹೋಗದ ಬಾಗಿಲು ಏನೆಂದು ಬೇಗ ಅರ್ಥವಾಯಿತು.

ಅವರು ಕಟ್ಟಿದ ವಾದದ ತಿರುಳು ಹೀಗಿದೆ. ಕಾಲಿಲ್ಲದಿರುವುದು, ಕಣ್ಣು ಕಾಣದಿರುವುದು ಊನ. ಅದು ದೇಹದ್ದು. ಬಸ್ಸು ಹತ್ತಲಾಗದಿರುವುದು, ಕೆಲಸ ಸಿಗದಿರುವುದು, ಶಾಲೆಯಿಂದ ದೂರವುಳಿಯುವುದು ಬೇರೆ ಸಂಗತಿ. ಅದು ಊನದ ಮೇಲೆ ಸಮಾಜ ಹೇರಿದ್ದು. ಜನರನ್ನು ವಿಕಲರನ್ನಾಗಿಸುವುದು ಸಮಾಜದ ಕಟ್ಟೋಣ. ಮುಂದೆ 1983ರಲ್ಲಿ ಮೈಕ್ ಆಲಿವರ್ ಇದಕ್ಕೆ 'ಸಾಮಾಜಿಕ ಮಾದರಿ' ಎಂದು ಹೆಸರಿಟ್ಟರು. ಕನ್ನಡದಲ್ಲಿ ಈ ಭೇದವನ್ನು ಹೇಳುವುದು ಕಷ್ಟ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ಈಚಿನ ದಿವ್ಯಾಂಗ ಎಂದು ಪದ ಬದಲಿಸುತ್ತ ಬಂದಿದ್ದೇವೆ. ಪ್ರತಿ ಪದವೂ ಹಿಂದಿನದಕ್ಕಿಂತ ಹೆಚ್ಚು ಗೌರವ ತೋರಿಸಲು ಹೊರಟಿದೆ. ಆದರೆ ಎಲ್ಲವೂ ಬೊಟ್ಟು ಮಾಡುವುದು ಆ ವ್ಯಕ್ತಿಯ ಅಂಗದ ಕಡೆಗೆ ಅಥವಾ ಚೇತನದ ಕಡೆಗೆ. ಮೆಟ್ಟಿಲಿನ ಕಡೆಗೆ ಬೊಟ್ಟು ಮಾಡುವ ಪದ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

*

1975ರ ನವೆಂಬರ್ 22ರಂದು ಈ ಎರಡು ಧಾರೆಗಳು ಮುಖಾಮುಖಿಯಾದವು. ಒಂದು ಕಡೆ ಯೂಪಿಯಾಸ್. ಇನ್ನೊಂದು ಕಡೆ 'ಡಿಸೇಬಿಲಿಟಿ ಅಲಯನ್ಸ್', ಅಂಗವಿಕಲರಿಗೆ ಸಮಗ್ರ ಆದಾಯ ಬೇಕೆಂದು ಹಲವು ಸಂಘಟನೆಗಳು ಸೇರಿ ಮಾಡಿಕೊಂಡ ಕೂಟ. ಅದರ ಮುಂದಾಳು ಪೀಟರ್ ಟೌನ್‌ಸೆಂಡ್. ಬಡತನದ ಅಧ್ಯಯನದಲ್ಲಿ ಇಪ್ಪತ್ತನೇ ಶತಮಾನದ ದೊಡ್ಡ ಹೆಸರು ಅವರದು. ಹೊಟ್ಟೆಗೆ ಹಿಟ್ಟಿದ್ದ ಮಾತ್ರಕ್ಕೆ ಬಡತನ ಹೋಗುವುದಿಲ್ಲ, ಸುತ್ತಲಿನ ಸಮಾಜದಲ್ಲಿ ಎಲ್ಲರಂತೆ ಪಾಲ್ಗೊಳ್ಳಲು ಬೇಕಾದಷ್ಟು ಇಲ್ಲದಿರುವುದೂ ಬಡತನವೇ ಎಂದು ತೋರಿಸಿಕೊಟ್ಟವರು. 1965ರಲ್ಲಿ 'ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್' ಕಟ್ಟಿದವರಲ್ಲೂ ಒಬ್ಬರು. ಅಂದರೆ ಎದುರಿಗಿದ್ದವರು ಶತ್ರುಗಳಲ್ಲ, ತಮ್ಮ ಪರ ನಿಂತ ದೊಡ್ಡ ಮನುಷ್ಯರು. ಜಗಳ ಬಿಗಿಯಾದದ್ದು ಅದಕ್ಕೇ.

ಅಂದಿನ ಚರ್ಚೆಯನ್ನು ಯೂಪಿಯಾಸ್ 1976ರಲ್ಲಿ ಕಿರುಪುಸ್ತಕವಾಗಿ ಪ್ರಕಟಿಸಿತು. ಯೂಪಿಯಾಸ್ ಎತ್ತಿದ ಆಕ್ಷೇಪ ಮುಖ್ಯವಾಗಿ ಎರಡು. ಮೊದಲನೆಯದು, ಬಡತನ ರೋಗಲಕ್ಷಣ, ರೋಗವಲ್ಲ. ಸಮಾಜ ನಮ್ಮನ್ನು ದುಡಿಮೆಯಿಂದ, ಓಡಾಟದಿಂದ, ಕಲಿಕೆಯಿಂದ ಹೊರಗಿಟ್ಟಿದೆ. ಬಡತನ ಅದರ ಫಲ. ಹೊರಗಿಡುವುದನ್ನು ಮುಟ್ಟದೆ ದುಡ್ಡು ಕೇಳಿದರೆ ಹೊರಗಿಟ್ಟದ್ದಕ್ಕೆ ಪರಿಹಾರಧನ ಪಡೆದು ಸುಮ್ಮನಾದಂತೆ. ಎರಡನೆಯದು ಇನ್ನೂ ಚೂಪಾದದ್ದು. ಅಂಗವೈಕಲ್ಯದ ಮಟ್ಟಕ್ಕೆ ತಕ್ಕಂತೆ ಹಣ ಎಂದರೆ ಮಟ್ಟವನ್ನು ಅಳೆಯಬೇಕು. ಅಳೆಯಲು ಪರಿಣತರು ಬೇಕು. ಅಂಗವಿಕಲರು ಅವರ ಮುಂದೆ ಕೂತು ಶೌಚಕ್ಕೆ ಹೇಗೆ ಹೋಗುತ್ತೀರಿ, ಅಂಗಿ ಹೇಗೆ ಹಾಕಿಕೊಳ್ಳುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕು. ತಾವು ಏನೇನು ಮಾಡಲಾರೆವು ಎಂದು ಎಷ್ಟು ಚೆನ್ನಾಗಿ ಹೇಳಿಕೊಂಡರೆ ಅಷ್ಟು ಹಣ. ಹಳೆಯ ಭಿಕ್ಷೆಗೆ ಹೊಸ ಅರ್ಜಿ ನಮೂನೆ ಸಿಕ್ಕಿತು, ಅಷ್ಟೆ.

ಟೌನ್‌ಸೆಂಡ್ ಕಡೆಯವರು ತತ್ತ್ವವನ್ನು ಒಪ್ಪಿದರು, ತಮ್ಮ ದಾರಿಯನ್ನು ಬಿಡಲಿಲ್ಲ. ಅವರ ಪಕ್ಷದಲ್ಲೂ ನ್ಯಾಯವಿದೆ. ಸಮಾಜದ ಕಟ್ಟೋಣ ಬದಲಾಗುವವರೆಗೆ ಮನೆಬಾಡಿಗೆ ಕಟ್ಟುವವರು ಯಾರು? ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹಣ ಬೇಕು, ಅದೂ ಈ ವಾರ ಬೇಕು. ಮೆಟ್ಟಿಲನ್ನೆಲ್ಲ ತೆಗೆದರೂ ನೋವು, ಆಯಾಸ, ಕುಂದುತ್ತಿರುವ ಶಕ್ತಿ ಉಳಿದೇ ಉಳಿಯುತ್ತವೆ. ಎಂಟು ಗಂಟೆ ದುಡಿಯಲಾರದವರು ಇದ್ದೇ ಇರುತ್ತಾರೆ. ಯೂಪಿಯಾಸ್‌ನ ಹೆಸರಿನಲ್ಲೇ ಒಂದು ಮಿತಿಯಿತ್ತು: ದೈಹಿಕ ಊನವುಳ್ಳವರಿಗಷ್ಟೇ ಅಲ್ಲಿ ಜಾಗ. ಮಾನಸಿಕ ಕಾಯಿಲೆಯವರ, ಬುದ್ಧಿಶಕ್ತಿಯ ಊನವುಳ್ಳವರ ಬದುಕು ಆ ವಾದದೊಳಗೆ ಸುಲಭವಾಗಿ ಕೂರುತ್ತಿರಲಿಲ್ಲ. ಹೀಗಾಗಿ ಅಂದಿನ ಜಗಳದಲ್ಲಿ ಯಾರು ಗೆದ್ದರು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಆದರೆ ಅಳೆಯುವ ಪರಿಣತರ ಬಗ್ಗೆ ಯೂಪಿಯಾಸ್ ಹೇಳಿದ ಮಾತು ಮೂವತ್ತೈದು ವರ್ಷಗಳ ನಂತರ ನಿಜವಾದ ಬಗೆ ಮಾತ್ರ ಎದೆ ನಡುಗಿಸುವಂಥದ್ದು.

*

ನಡುವಿನ ವರ್ಷಗಳನ್ನು ಬೇಗ ದಾಟಬಹುದು. 1992ರಲ್ಲಿ ಎರಡು ಭತ್ಯೆಗಳನ್ನು ಸೇರಿಸಿ 'ಡಿಸೇಬಿಲಿಟಿ ಲಿವಿಂಗ್ ಅಲೊಯನ್ಸ್' ಬಂತು. ಅದೇ ವರ್ಷ ಟಿ.ವಿ.ಯಲ್ಲಿ ಅಂಗವಿಕಲರನ್ನು ತೋರಿಸಿ ಹಣ ಎತ್ತುವ 'ಟೆಲಿಥಾನ್' ಕಾರ್ಯಕ್ರಮದ ಎದುರು ಸಾವಿರಕ್ಕೂ ಹೆಚ್ಚು ಅಂಗವಿಕಲರು ನೆರೆದು, ನಿಮ್ಮ ಕನಿಕರದ ಮೇಲೆ ಉಚ್ಚೆ ಹೊಯ್ಯುತ್ತೇವೆ ಎಂಬರ್ಥದ ಘೋಷಣೆ ಕೂಗಿದರು. ಆ ಕಾರ್ಯಕ್ರಮ ಮತ್ತೆ ನಡೆಯಲಿಲ್ಲ. ಬಸ್ಸುಗಳಿಗೆ ತಮ್ಮನ್ನು ಸರಪಳಿಯಲ್ಲಿ ಬಿಗಿದುಕೊಂಡು ರಸ್ತೆ ತಡೆದರು. 1995ರಲ್ಲಿ ತಾರತಮ್ಯ ನಿಷೇಧದ ಕಾಯಿದೆ ಬಂತು. 1997ರ ಡಿಸೆಂಬರಿನಲ್ಲಿ ಹೊಸ ಲೇಬರ್ ಸರ್ಕಾರ ಭತ್ಯೆಗಳಿಗೆ ಕೈಹಾಕುವ ಸೂಚನೆ ಸಿಕ್ಕಾಗ ಪ್ರಧಾನಿ ನಿವಾಸದ ಬೀದಿಯ ಗೇಟಿಗೆ ಕೆಂಪು ಬಣ್ಣ ಎರಚಿದರು. ಬಡತನ ವಿರೋಧಿ ಧಾರೆ, ಹಕ್ಕಿನ ಧಾರೆ ಎಂಬ ಭೇದ ಬೀದಿಯಲ್ಲಿ ನಿಧಾನಕ್ಕೆ ಕರಗುತ್ತಿತ್ತು.

2008ರ ಅಕ್ಟೋಬರಿನಲ್ಲಿ ದುಡಿಯಲಾರದವರ ಭತ್ಯೆಯ ಹೆಸರೂ ನಿಯಮವೂ ಬದಲಾದವು. ಜೊತೆಗೆ 'ವರ್ಕ್ ಕೇಪಬಿಲಿಟಿ ಅಸೆಸ್‌ಮೆಂಟ್' ಎಂಬ ಪರೀಕ್ಷೆ ಬಂತು. ಕೈ ಎತ್ತಬಲ್ಲಿರಾ, ಇಷ್ಟು ದೂರ ಹೋಗಬಲ್ಲಿರಾ, ಅಲಾರಂ ಇಟ್ಟುಕೊಳ್ಳಬಲ್ಲಿರಾ ಎಂದು ಕೇಳಿ ಅಂಕ ಕೊಡುವ ಪರೀಕ್ಷೆ. ನಡೆಸುವ ಗುತ್ತಿಗೆ 'ಆಟೋಸ್' ಎಂಬ ಖಾಸಗಿ ಕಂಪನಿಗೆ. ಕುಟುಂಬದ ವೈದ್ಯರು ಬರೆದ ಚೀಟಿಗಿಂತ ಈ ಪರೀಕ್ಷಕರ ಕಂಪ್ಯೂಟರಿನ ಅಂಕಕ್ಕೆ ಹೆಚ್ಚು ತೂಕ. 15 ಅಂಕ ಬಾರದಿದ್ದರೆ ಸಾಮಾನ್ಯವಾಗಿ ನೀವು ದುಡಿಯಲು ಯೋಗ್ಯರು. ಈ ವ್ಯವಸ್ಥೆಯನ್ನು ತಂದದ್ದು ಲೇಬರ್ ಸರ್ಕಾರ, ಹಿಗ್ಗಿಸಿದ್ದು 2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ.

ಆ ವರ್ಷದ ಜೂನ್ 22ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಲಿವಿಂಗ್ ಅಲೊಯನ್ಸ್ ಪಡೆಯುವವರಿಗೂ ಪರೀಕ್ಷೆ ಬರಲಿದೆಯೆಂದು ಸಾರಿದರು. ವೆಚ್ಚದಲ್ಲಿ ಶೇಕಡಾ 20 ಉಳಿತಾಯವಾಗಬೇಕೆಂಬ ಲೆಕ್ಕ ಪರೀಕ್ಷೆ ರೂಪುಗೊಳ್ಳುವ ಮೊದಲೇ ಸಿದ್ಧವಾಗಿತ್ತು. ಅಂದರೆ ಎಷ್ಟು ಜನ ನಪಾಸಾಗಬೇಕೆಂದು ಅಂದಾಜು ಹಾಕಿಕೊಂಡು ಪ್ರಶ್ನೆಪತ್ರಿಕೆ ಬರೆದಂತಾಯಿತು. 2013ರಿಂದ ಬಂದ ಹೊಸ ಭತ್ಯೆ, ಪಿಪ್, ಇದಕ್ಕೆ ಉದಾಹರಣೆ. ಓಡಾಟದ ಹೆಚ್ಚಿನ ಭತ್ಯೆಗೆ ಹಿಂದೆ ರೂಢಿಯಲ್ಲಿದ್ದ ಅಳತೆ 50 ಮೀಟರ್. ಅಷ್ಟು ನಡೆಯಲಾರದವರಿಗೆ ಅದು ಸಿಗುತ್ತಿತ್ತು. ಹೊಸ ನಿಯಮದಲ್ಲಿ ಅದು 20 ಮೀಟರ್ ಆಯಿತು. ಮೂವತ್ತು ಮೀಟರ್ ನಡೆದು ಉಸಿರು ಕಟ್ಟಿ ನಿಲ್ಲುವ ಮನುಷ್ಯನ ದೇಹದಲ್ಲಿ ಏನೂ ಬದಲಾಗಲಿಲ್ಲ. ಕಾಗದದ ಮೇಲೆ ಮಾತ್ರ ಅವನು ಒಂದೇ ರಾತ್ರಿಯಲ್ಲಿ ಗುಣವಾದ. ಇಂಥ ತೀರ್ಮಾನಗಳ ವಿರುದ್ಧ ನ್ಯಾಯಮಂಡಳಿಗೆ ಹೋಗಿ ತೀರ್ಪು ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೆಲ್ಲುತ್ತ ಬಂದಿದ್ದಾರೆ ಎಂಬುದೇ ಅಳತೆಗೋಲಿನ ಗುಣಮಟ್ಟವನ್ನು ಹೇಳುತ್ತದೆ. ಆದರೆ ಅಲ್ಲಿಯವರೆಗೆ ಹೋಗುವ ತ್ರಾಣ ಎಲ್ಲರಲ್ಲೂ ಇರುವುದಿಲ್ಲ.

ಇದರ ಬೆಲೆ ಏನು? ಇಂಗ್ಲೆಂಡಿನ 149 ಸ್ಥಳೀಯ ಆಡಳಿತ ಪ್ರದೇಶಗಳ ಅಂಕಿಅಂಶ ಇಟ್ಟುಕೊಂಡು ಸಾರ್ವಜನಿಕ ಆರೋಗ್ಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 2010ರಿಂದ 2013ರ ನಡುವೆ ನಡೆದ ಮರುಪರೀಕ್ಷೆಗಳ ಜೊತೆಗೆ ಸುಮಾರು 590 ಹೆಚ್ಚುವರಿ ಆತ್ಮಹತ್ಯೆಗಳ ಸಂಬಂಧ ಕಾಣುತ್ತದೆ ಎಂದಿತು. ಸಂಬಂಧ ಎಂದ ಮಾತ್ರಕ್ಕೆ ಕಾರಣ ಎಂದು ಸಾಬೀತಾಗುವುದಿಲ್ಲ, ಅಂದಿನ ಸರ್ಕಾರ ಹಿಡಿದುಕೊಂಡದ್ದೂ ಈ ಎಳೆಯನ್ನೇ. ಹೆಚ್ಚು ಮರುಪರೀಕ್ಷೆ ನಡೆದ ಪ್ರದೇಶಗಳಲ್ಲೇ ಯಾಕೆ ಹಾಗಾಯಿತು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಪ್ರತಿರೋಧ ಹುಟ್ಟಿದ ಬಗೆಯೂ ಗಮನಿಸುವಂಥದ್ದು. 2010ರ ಅಕ್ಟೋಬರ್ 3ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಆಳುವ ಪಕ್ಷದ ಸಮಾವೇಶದ ಹೊರಗೆ ಮಳೆಯಲ್ಲಿ ಮೆರವಣಿಗೆ ಮಾಡಿದ ಅಂಗವಿಕಲರು ಮುಂದೆ 'ಡಿಪ್ಯಾಕ್' ಎಂಬ ಸಂಘಟನೆಯಾದರು: ಕಡಿತಗಳ ವಿರುದ್ಧ ಅಂಗವಿಕಲರು. ಬೀದಿಗೆ ಬರಲಾರದವರು ಹಾಸಿಗೆಯಲ್ಲೇ ಮಲಗಿ, ಲ್ಯಾಪ್‌ಟಾಪ್ ಹಿಡಿದು ಹೋರಾಟಕ್ಕಿಳಿದರು. ಲಿವಿಂಗ್ ಅಲೊಯನ್ಸ್ ಬದಲಾವಣೆಯ ಬಗ್ಗೆ ಸರ್ಕಾರ ಅಭಿಪ್ರಾಯ ಕೇಳಿದಾಗ ಬಂದ ಉತ್ತರಗಳನ್ನು ಮಾಹಿತಿ ಹಕ್ಕಿನಡಿ ಪಡೆದು, ಓದಿ, ವಿಂಗಡಿಸಿ, ಬಹುಪಾಲು ಉತ್ತರಗಳು ವಿರೋಧವಾಗಿಯೇ ಇದ್ದವೆಂದು ತೋರಿಸಿ 2012ರ ಜನವರಿಯಲ್ಲಿ ಅವರು ಒಂದು ವರದಿ ಹೊರತಂದರು. 'ಸ್ಪಾರ್ಟಕಸ್ ವರದಿ' ಎಂದು ಅದು ಹೆಸರಾಯಿತು. ಲೆ ಕೋರ್ಟಿನ ಗೆಳೆಯರು ಸಂಶೋಧಕರನ್ನು ಕರೆಸಿ ಮೋಸಹೋಗಿದ್ದರು. ನಲವತ್ತು ವರ್ಷದ ನಂತರ ಅವರ ಉತ್ತರಾಧಿಕಾರಿಗಳು ತಾವೇ ಸಂಶೋಧಕರಾದರು.

ಅದೇ 2012ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಪ್ಯಾರಾಲಿಂಪಿಕ್ಸ್. ಪ್ರಾಯೋಜಕರಲ್ಲಿ ಒಬ್ಬರು ಅದೇ ಆಟೋಸ್. ಟಿ.ವಿ.ಯಲ್ಲಿ ಅಂಗವಿಕಲ ಆಟಗಾರರು ಅತಿಮಾನವರು. ಮರುದಿನದ ಪತ್ರಿಕೆಯಲ್ಲಿ ಭತ್ಯೆ ಪಡೆಯುವ ಅಂಗವಿಕಲರು ಸೋಮಾರಿಗಳು, ಮೋಸಗಾರರು. ಈ ಎರಡು ಚಿತ್ರಗಳ ನಡುವೆ ಸಾಮಾನ್ಯ ಅಂಗವಿಕಲ ಮನುಷ್ಯನಿಗೆ ಜಾಗವೇ ಇರಲಿಲ್ಲ. ಡಿಪ್ಯಾಕ್ ಆ ವಾರವಿಡೀ ಆಟೋಸ್ ಕಚೇರಿಗಳ ಮುಂದೆ ತನ್ನದೇ ಅಣಕು ಕ್ರೀಡಾಕೂಟ ನಡೆಸಿತು. ಪದಕ ಕೊಡಲು ಕ್ರೀಡಾಂಗಣಕ್ಕೆ ಬಂದ ಆಸ್ಬೋರ್ನ್‌ರನ್ನು ಕಂಡು ತುಂಬಿದ ಸಭೆ 'ಬೂ' ಎಂದು ಕೂಗಿತು.

ಡಿಪ್ಯಾಕ್ ಇನ್ನೊಂದು ದಾರಿಯನ್ನೂ ಹಿಡಿಯಿತು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಒಂದು ಐಚ್ಛಿಕ ಪೂರಕ ಒಪ್ಪಂದವಿದೆ. ಅದಕ್ಕೆ ಸಹಿ ಹಾಕಿದ ದೇಶದ ಮೇಲೆ ದೂರು ಬಂದರೆ ಸಮಿತಿ ತನಿಖೆ ಮಾಡಬಹುದು. ಬ್ರಿಟನ್ ಸಹಿ ಹಾಕಿತ್ತು. 2016ರ ನವೆಂಬರಿನಲ್ಲಿ ಹೊರಬಂದ ತನಿಖಾ ವರದಿ ಅಲ್ಲಿ ಅಂಗವಿಕಲರ ಹಕ್ಕುಗಳ ಗಂಭೀರ ಅಥವಾ ವ್ಯವಸ್ಥಿತ ಉಲ್ಲಂಘನೆಯಾಗಿದೆ ಎಂದು ಹೇಳಿತು. ಆ ಒಡಂಬಡಿಕೆಯಡಿ ನಡೆದ ಮೊದಲ ತನಿಖೆಯೇ ಅದು. ಸರ್ಕಾರ ವರದಿಯನ್ನು ತಳ್ಳಿಹಾಕಿತು. ಆದರೂ ಸೋಲುಗಳ ನಡುವೆ ಗೆಲುವುಗಳಿವೆ. 2016ರ ಮಾರ್ಚಿನಲ್ಲಿ ಪಿಪ್‌ಗೆ ಕತ್ತರಿ ಹಾಕುವ ಪ್ರಸ್ತಾವ ಕೆಲವೇ ದಿನಗಳಲ್ಲಿ ಬಿದ್ದುಹೋಯಿತು, ಸಚಿವ ಇಯಾನ್ ಡಂಕನ್ ಸ್ಮಿತ್ ರಾಜೀನಾಮೆ ಕೊಟ್ಟರು. 2025ರಲ್ಲಿ ಲೇಬರ್ ಸರ್ಕಾರ ಸುಮಾರು 500 ಕೋಟಿ ಪೌಂಡ್ ಉಳಿಸುವ ಲೆಕ್ಕದಲ್ಲಿ ಪಿಪ್ ನಿಯಮ ಬಿಗಿಗೊಳಿಸಲು ಹೊರಟಾಗ ಅದರದೇ ನೂರಕ್ಕೂ ಹೆಚ್ಚು ಸಂಸದರು ತಿರುಗಿಬಿದ್ದರು. ಜುಲೈ 1ರಂದು, ಮತದಾನಕ್ಕೆ ಸ್ವಲ್ಪ ಹೊತ್ತಿರುವಾಗ, ಸರ್ಕಾರ ಆ ಭಾಗವನ್ನು ಹಿಂತೆಗೆದುಕೊಂಡಿತು. ಉಳಿದದ್ದು ಉಳಿಯಿತು: 2026ರ ಏಪ್ರಿಲಿನಿಂದ ದುಡಿಯಲಾರದವರ ಸಾಲಿಗೆ ಹೊಸದಾಗಿ ಸೇರುವ ಬಹುತೇಕರಿಗೆ ವಾರಕ್ಕೆ 97 ಪೌಂಡ್ ಇದ್ದ ಆರೋಗ್ಯ ಭತ್ಯೆ ಸುಮಾರು 50 ಪೌಂಡಿಗೆ ಇಳಿಯುವುದೆಂದು ತೀರ್ಮಾನವಾಯಿತು.

*

ಯೂಪಿಯಾಸ್‌ನ ವಿಚಾರ ಬಹು ದೂರ ಬಂದಿದೆ. ಅದು ವಿಶ್ವಸಂಸ್ಥೆಯ ಒಡಂಬಡಿಕೆಯ ಭಾಷೆಯಾಯಿತು, ಅಲ್ಲಿಂದ ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಗೂ ಬಂತು. ನಮ್ಮ ಕಾಯಿದೆಯ ವ್ಯಾಖ್ಯೆಯ ಪ್ರಕಾರ ಅಂಗವಿಕಲ ವ್ಯಕ್ತಿಯೆಂದರೆ ದೀರ್ಘಕಾಲದ ಊನದ ಜೊತೆ ಸುತ್ತಲಿನ ಅಡೆತಡೆಗಳು ಸೇರಿ ಸಮಾಜದಲ್ಲಿ ಪೂರ್ಣವಾಗಿ ಪಾಲ್ಗೊಳ್ಳಲಾಗದವರು. ಹಂಟ್ ಓದಿದ್ದರೆ ತಲೆದೂಗುತ್ತಿದ್ದರು. ಆದರೆ ಸೌಲಭ್ಯ ಕೇಳಲು ಹೋದರೆ ಬೇಕಾಗುವುದು ವೈದ್ಯರು ಕೊಡುವ ಶೇಕಡಾವಾರು ಪ್ರಮಾಣಪತ್ರ. ಶೇಕಡಾ 40 ಇದ್ದರೆ ಒಂದು ಬಾಗಿಲು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗಾದರೆ ಶೇಕಡಾ 80 ಇರಬೇಕು, ಜೊತೆಗೆ ಬಡತನ ರೇಖೆಯ ಕೆಳಗಿರಬೇಕು. ಅಷ್ಟಾದ ಮೇಲೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ, 2012ರಲ್ಲಿ ನಿಗದಿಯಾದದ್ದು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕದಲ್ಲೂ ಶೇಕಡಾವಾರು ಏರಿದಂತೆ ಮಾಸಾಶನ ಏರುತ್ತದೆ. ಆ ಶೇಕಡಾವಾರಿನಲ್ಲಿ ಊರಿಗೆ ಬಸ್ಸಿಲ್ಲದಿರುವುದು, ನಾಡಕಚೇರಿಯ ಮೆಟ್ಟಿಲು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿರುವುದು ಯಾವುದೂ ಸೇರುವುದಿಲ್ಲ. ವ್ಯಾಖ್ಯೆ ಸಮಾಜದ ಕಡೆ ನೋಡುತ್ತದೆ, ಪ್ರಮಾಣಪತ್ರ ಕಾಲಿನ ಕಡೆ ನೋಡುತ್ತದೆ.

ಇದೇ ಕಾಯಿದೆಯ 24ನೇ ಸೆಕ್ಷನ್, ಅಂಗವಿಕಲರಿಗೆ ಕೊಡುವ ನೆರವು ಇತರರಿಗಿರುವ ಅಂಥದೇ ಯೋಜನೆಗಳಿಗಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕೆಂದು ಹೇಳುತ್ತದೆ. ಅಂಗವಿಕಲರ ಬದುಕಿಗೆ ಹೆಚ್ಚು ಖರ್ಚು ತಗಲುತ್ತದೆಂದು ಕಾನೂನೇ ಒಪ್ಪಿಕೊಂಡ ಮಾತು ಅದು. ಡು ಬಾಯ್ಸನ್ ಮತ್ತು ಟೌನ್‌ಸೆಂಡ್ ಧಾರೆಯ ಮಾತು. ಅದನ್ನು ಹಿಡಿದು ಕೇಳುವವರು ಬೇಕು. ವಿಶ್ವಸಂಸ್ಥೆಯ ತನಿಖೆಯ ದಾರಿಯಂತೂ ನಮಗಿಲ್ಲ: ಭಾರತ 2007ರಲ್ಲೇ ಒಡಂಬಡಿಕೆಯನ್ನು ಒಪ್ಪಿದರೂ ಆ ಐಚ್ಛಿಕ ಒಪ್ಪಂದಕ್ಕೆ ಈವರೆಗೆ ಸೇರಿಲ್ಲ.

ಬ್ರಿಟನ್ನಿನ ನೂರು ವರ್ಷದ ಕಥೆಯಿಂದ ಒಂದು ಪಾಠವನ್ನಂತೂ ಎತ್ತಿಕೊಳ್ಳಬಹುದು. ಹಣ ಕೇಳುವವರು ಅಳತೆಯ ಅಧಿಕಾರವನ್ನೂ ಕೇಳದಿದ್ದರೆ, ಕೊಟ್ಟ ಹಣವನ್ನು ಮುಂದೊಂದು ದಿನ ಅಳತೆಗೋಲು ಬದಲಿಸಿಯೇ ಕಿತ್ತುಕೊಳ್ಳಬಹುದು, ಕಾಯಿದೆಯ ದೊಡ್ಡ ಮಾತುಗಳನ್ನು ಹಾಗೆಯೇ ಉಳಿಸಿಕೊಂಡು. ಐವತ್ತು ಮೀಟರನ್ನು ಇಪ್ಪತ್ತು ಮಾಡಿದರೆ ಸಾಕು. ಅಧಿಕಾರವನ್ನಷ್ಟೇ ಕೇಳಿ ಹಣವನ್ನು ಮರೆತರೆ, ಹೋರಾಡಬೇಕಾದವರು ಚಳಿಗಾಲ ದಾಟುವುದೇ ಕಷ್ಟ. 1920ರಲ್ಲಿ ನಡೆದುಬಂದ ಆ 171 ಜನರಿಗೆ ಎರಡೂ ಬೇಕಿತ್ತು. ಪಿಂಚಣಿ ಸಿಕ್ಕಿತು, ಅದನ್ನು ಹಂಚುವ ಕೈ ಯಾರದಾಗಿರಬೇಕು ಎಂಬ ಅವರ ಎರಡನೇ ಪ್ರಶ್ನೆ ಇನ್ನೂ ಉತ್ತರಕ್ಕೆ ಕಾಯುತ್ತಿದೆ, ಅಲ್ಲೂ, ಇಲ್ಲೂ.